ಡ್ರೀಮ್ ಥಿಯೇಟರ್ ಹೊಸ ಆಲ್ಬಂ ಬರ್ತಾ ಇದೆ: ದಾವಣಗೆರೆ, ದುರ್ಗದ ಕಡೆಯವರು ಯಾರಾದ್ರೂ ಕಾಯ್ತಾ ಇದ್ದೀರಾ?

ಪಿಬಿ ರಸ್ತೆ ಡ್ರಮ್ಮರ್ · ಫೆಬ್ರವರಿ 4, 2025

ಇನ್ನು ಮೂರೇ ದಿನ. ಶುಕ್ರವಾರ 7ನೇ ತಾರೀಖು ಅಮೆರಿಕದ ಪ್ರೋಗ್ ಮೆಟಲ್ (ಉದ್ದ ಹಾಡು, ಬದಲಾಗುವ ತಾಳಗಳ ಹೆವಿ ಮೆಟಲ್) ಬ್ಯಾಂಡ್ ಡ್ರೀಮ್ ಥಿಯೇಟರಿನ ಹೊಸ ಆಲ್ಬಂ 'ಪ್ಯಾರಾಸೋಮ್ನಿಯಾ' ಬರುತ್ತಿದೆ. ಅಂಗಡಿಯಲ್ಲಿ, ಮನೆಯಲ್ಲಿ, ಗೆಳೆಯರಲ್ಲಿ ಯಾರ ಹತ್ತಿರವೂ ಈ ಮಾತು ಆಡೋಕೆ ಆಗುತ್ತಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ, ನಮ್ಮ ಕಡೆಯವರು ಯಾರಾದರೂ ಇದ್ದೀರಾ?

ಹಿನ್ನೆಲೆ ಗೊತ್ತಿಲ್ಲದವರಿಗೆ ಒಂದೆರಡು ಮಾತು. 1985ರಲ್ಲಿ ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಮೂವರು ಹುಡುಗರು ಸೇರಿ ಕಟ್ಟಿದ ಬ್ಯಾಂಡ್ ಇದು. ಗಿಟಾರಿಗೆ ಜಾನ್ ಪೆಟ್ರೂಚಿ, ಬೇಸ್‌ಗೆ ಜಾನ್ ಮಿಯಂಗ್, ಡ್ರಮ್ಸ್‌ಗೆ ಮೈಕ್ ಪೋರ್ಟ್‌ನಾಯ್. 25 ವರ್ಷ ಆದ ಮೇಲೆ, 2010ರ ಸೆಪ್ಟೆಂಬರಿನಲ್ಲಿ, ಪೋರ್ಟ್‌ನಾಯ್ ಹೊರಗೆ ಹೋದರು. ಸ್ವಲ್ಪ ದಿನ ಎಲ್ಲರೂ ವಿರಾಮ ತಗೊಳ್ಳೋಣ ಅಂತ ಅವರು ಕೇಳಿದ್ದರು, ಉಳಿದವರು ಒಪ್ಪಲಿಲ್ಲ. ಆಮೇಲೆ ವಾಪಸ್ ಬರ್ತೀನಿ ಅಂದಾಗ ಬಾಗಿಲು ಮುಚ್ಚಿತ್ತು. ಮೈಕ್ ಮ್ಯಾಂಜಿನಿ ಬಂದರು, ಐದು ಆಲ್ಬಂ ನುಡಿಸಿದರು. 2023ರ ಅಕ್ಟೋಬರಿನಲ್ಲಿ ಪೋರ್ಟ್‌ನಾಯ್ ಮರಳಿ ಬಂದ ಸುದ್ದಿ ಬಂತು. ಅವರು ಈ ಬ್ಯಾಂಡಿಗೆ ನುಡಿಸಿದ ಕೊನೆಯ ಆಲ್ಬಂ 2009ರದ್ದು. ಲೆಕ್ಕ ಹಾಕಿ, 15 ವರ್ಷ ದಾಟಿತು.

ನಾನು ಡ್ರಮ್ಸ್ ಕಲಿತದ್ದು ದೊಡ್ಡಪ್ಪನ ಹತ್ತಿ ಗೋದಾಮಿನಲ್ಲಿ. ಸುತ್ತ ಹತ್ತಿ ಅಂಡಿಗೆ, ನಡುವೆ ಒಂದು ಹಳೇ ಸೆಟ್. ಅಂಡಿಗೆಗಳು ಸದ್ದನ್ನೆಲ್ಲಾ ಕುಡಿದುಬಿಡುತ್ತಿದ್ದವು, ಹೊರಗಿನವರಿಗೆ ಏನೂ ಕೇಳಿಸುತ್ತಿರಲಿಲ್ಲ. ನನಗೆ ಗುರು ಅಂತ ಯಾರೂ ಇರಲಿಲ್ಲ. ಪೋರ್ಟ್‌ನಾಯ್ ವಿಡಿಯೋಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿಯೇ ಕೈ ಕೂಡಿಸಿಕೊಂಡೆ. ಹಾಗಾಗಿ ನನಗೆ ಇದು ಮನೆ ಬಿಟ್ಟು ಹೋದ ಅಣ್ಣ ತಿರುಗಿ ಬಂದ ಹಾಗೆ.

ಈಗಾಗಲೇ ಮೂರು ಹಾಡು ಬಿಟ್ಟಿದ್ದಾರೆ. ಅಕ್ಟೋಬರಿನಲ್ಲಿ 'ನೈಟ್ ಟೆರರ್', ಡಿಸೆಂಬರಿನಲ್ಲಿ 'ಎ ಬ್ರೋಕನ್ ಮ್ಯಾನ್', ಜನವರಿಯಲ್ಲಿ 'ಮಿಡ್‌ನೈಟ್ ಮೆಸ್ಸಾಯ'. ಮೂರೂ ಕೇಳಿದ್ದೇನೆ, ಖುಷಿಯಾಗಿದೆ. ಆದರೆ ಒಂದು ಅನುಮಾನ ಬಿಡುತ್ತಿಲ್ಲ. ಈ ಖುಷಿ ಹಾಡು ಚೆನ್ನಾಗಿರೋದಕ್ಕಾ, ಇಲ್ಲಾ ಅವರು ವಾಪಸ್ ಬಂದರಲ್ಲ ಅನ್ನೋದಕ್ಕಾ? ಎರಡನ್ನೂ ಬೇರೆ ಮಾಡಿ ನೋಡೋಕೆ ನನ್ನಿಂದ ಆಗುತ್ತಿಲ್ಲ. ನಿಮಗೆ ಏನನ್ನಿಸುತ್ತದೆ, ಹೇಳಿ.

ಏಳು ತಂತಿ · ಫೆಬ್ರವರಿ 4

ಇದ್ದೀನಿ ಗುರು! ವಿದ್ಯಾನಗರ. ನೀನೊಬ್ಬನೇ ಅಲ್ಲ.

ಜೋಗಿಮಟ್ಟಿ · ಫೆಬ್ರವರಿ 4

ದುರ್ಗದಿಂದ ನಾನು. ನನಗೆ ಅಷ್ಟೇನೂ ನಿರೀಕ್ಷೆ ಇಲ್ಲ ಅಂತ ಮೊದಲೇ ಹೇಳಿಬಿಡ್ತೀನಿ. ಎಲ್ಲರೂ ಮ್ಯಾಂಜಿನಿ ಕಾಲವನ್ನು ಕತ್ತಲೆ ಕಾಲ ಅನ್ನೋ ಹಾಗೆ ಮಾತಾಡುತ್ತಿದ್ದಾರೆ. ಅದು ಅನ್ಯಾಯ ಅಲ್ವಾ? ಈ ಬ್ಯಾಂಡಿಗೆ ಗ್ರ್ಯಾಮಿ ಬಂದದ್ದು ಯಾರ ಕಾಲದಲ್ಲಿ? 2022ರಲ್ಲಿ, 'ದಿ ಏಲಿಯನ್' ಹಾಡಿಗೆ. ಅದಕ್ಕೆ ಡ್ರಮ್ಸ್ ನುಡಿಸಿದ್ದು ಮ್ಯಾಂಜಿನಿ. ಕಷ್ಟದ ಹೊತ್ತಲ್ಲಿ ಬಂದು 13 ವರ್ಷ ಬಂಡಿ ಎಳೆದ ಮನುಷ್ಯ. ಹೋಗುವಾಗಲೂ ಯಾರ ಮೇಲೂ ಕೆಟ್ಟ ಮಾತಾಡದೆ ಹೋದರು. ಹೊಸ ಆಲ್ಬಂ ಹೊಗಳೋಕೆ ಅವರನ್ನು ತೆಗಳಬೇಕಾಗಿಲ್ಲ.

ಪಿಬಿ ರಸ್ತೆ ಡ್ರಮ್ಮರ್ · ಫೆಬ್ರವರಿ 4

ನಾನು ತೆಗಳಿಲ್ಲ ಅಣ್ಣ. ಅವರ ಕೈಯ ಲೆಕ್ಕ ನನಗೆ ಇವತ್ತಿಗೂ ಪೂರ್ತಿ ಅರ್ಥವಾಗಿಲ್ಲ. ಒಂದೇ ಮಾತು, ಅವರ ಮೊದಲ ಆಲ್ಬಂನಲ್ಲಿ, 2011ರದ್ದು, ಡ್ರಮ್ಸನ್ನು ಪೆಟ್ರೂಚಿ ಮೊದಲು ಕಂಪ್ಯೂಟರಿನಲ್ಲಿ ಬರೆದಿಟ್ಟಿದ್ದರು. ಮ್ಯಾಂಜಿನಿ ಅದನ್ನು ನೋಡಿಕೊಂಡು ತಮ್ಮ ರೀತಿಯಲ್ಲಿ ನುಡಿಸಿದರು. ಒಬ್ಬ ಡ್ರಮ್ಮರ್ ಕೋಣೆಯಲ್ಲಿ ಕೂತು ಹಾಡು ಹುಟ್ಟಿಸೋದಕ್ಕೂ, ಹುಟ್ಟಿದ ಹಾಡಿಗೆ ಆಮೇಲೆ ಬಂದು ನುಡಿಸೋದಕ್ಕೂ ವ್ಯತ್ಯಾಸ ಇದ್ದೇ ಇರುತ್ತದೆ.

ಜೋಗಿಮಟ್ಟಿ · ಫೆಬ್ರವರಿ 4

ಮೊದಲನೇದಕ್ಕೆ ಸರಿ. ಆಮೇಲಿನವಕ್ಕೆ ಆ ಮಾತು ನಡೆಯಲ್ಲ. 2021ರ ಆಲ್ಬಂ ಬರೆಯುವಾಗ ಅವರೂ ಬರೆಯುವವರಲ್ಲಿ ಒಬ್ಬರು.

ಕ್ಯಾಸೆಟ್ ಕಾಲದವನು · ಫೆಬ್ರವರಿ 5

ಈ ಚರ್ಚೆ ನೋಡಿ ತುಂಬಾ ಸಂತೋಷವಾಯಿತು. ನನಗೀಗ 47 ವರ್ಷ. ನನ್ನದೊಂದು ಹಳೇ ಕತೆ ಹೇಳ್ತೀನಿ, ಬೇಸರ ಮಾಡಿಕೊಳ್ಳಬೇಡಿ.

1996. ನಾನು ಇಲ್ಲೇ ಡಿಪ್ಲೊಮಾ ಓದುತ್ತಿದ್ದೆ. ಬೆಂಗಳೂರಲ್ಲಿ ಓದುತ್ತಿದ್ದ ಗೆಳೆಯ ಒಂದು ಕ್ಯಾಸೆಟ್ ತುಂಬಿಸಿಕೊಂಡು ಬಂದು ಕೊಟ್ಟ. ಮೇಲೆ ಪೆನ್ನಿನಲ್ಲಿ ಬರೆದಿದ್ದ ಬ್ಯಾಂಡಿನ ಹೆಸರು ಬೆವರಿಗೆ ಅರ್ಧ ಅಳಿಸಿತ್ತು. ಅದರಲ್ಲಿದ್ದದ್ದು 1992ರ 'ಇಮೇಜಸ್ ಅಂಡ್ ವರ್ಡ್ಸ್'. ಮೊದಲನೇ ಹಾಡು 'ಪುಲ್ ಮಿ ಅಂಡರ್'. ಎಂಟು ನಿಮಿಷದ ಹಾಡು. ಕೊನೆಗೆ ಜೋರಾಗಿ ಏರುತ್ತಾ ಏರುತ್ತಾ ಹೋಗಿ ಪಟ್ ಅಂತ ನಿಂತುಬಿಡುತ್ತದೆ. ಕತ್ತರಿಸಿದ ಹಾಗೆ.

ಗೆಳೆಯನ ಟೇಪ್ ರೆಕಾರ್ಡರ್ ಕೆಟ್ಟಿದೆ ಅಂದುಕೊಂಡೆ. ಹಾಡು ಪೂರ್ತಿ ತುಂಬಿಸಿಲ್ಲ ಅಂತ ಅವನ ಮೇಲೆ ಸಿಟ್ಟಾದೆ. ಅವನೂ "ಕರೆಂಟ್ ಹೋಗಿರಬೇಕು ಮಾರಾಯ" ಅಂದ. ಆ ಹಾಡಿನ ಉಳಿದ ಭಾಗ ಹೇಗಿರಬಹುದು ಅಂತ ನಾನು ಎಷ್ಟೋ ರಾತ್ರಿ ಮನಸ್ಸಿನಲ್ಲೇ ಕಟ್ಟಿಕೊಂಡಿದ್ದೇನೆ. 2003ರಲ್ಲಿ ಸೀಡಿ ಕೊಂಡು ಹಾಕಿದರೆ ಅಲ್ಲೂ ಪಟ್ ಅಂತ ನಿಂತಿತು! ಅದು ಇರೋದೇ ಹಾಗೆ. ಏಳು ವರ್ಷ ಆ ಗೆಳೆಯನನ್ನು ಸುಮ್ನೆ ಬೈದಿದ್ದೆ. ಅವತ್ತೇ ಫೋನ್ ಮಾಡಿ ಹೇಳಿದೆ.

ಹೊಸದನ್ನು ನಾನೂ ಕೇಳ್ತೀನಿ. ಗುರುವಾರ ರಾತ್ರಿ 12ಕ್ಕೆ ಎದ್ದಿರೋಕೆ ನನ್ನಿಂದ ಆಗಲ್ಲ, ಬೆಳಿಗ್ಗೆ ವಾಕಿಂಗಿನಲ್ಲಿ.

ಮಂಡಕ್ಕಿ ಭಟ್ಟಿ · ಫೆಬ್ರವರಿ 5

ಸಾರ್, ನಿಮ್ಮ ಕತೆ ಓದಿ ಮತ್ತೆ ಹೋಗಿ ಆ ಹಾಡು ಹಾಕಿದೆ. ನಿಂತ ಜಾಗದಲ್ಲಿ ಮೈ ಜುಮ್ಮೆಂದಿತು.

ಹೊಸಬ · ಫೆಬ್ರವರಿ 5

ಅಣ್ಣಂದಿರೇ, ನಾನು ಸೆಕೆಂಡ್ ಪಿಯು. ಈ ಬ್ಯಾಂಡ್ ಬಗ್ಗೆ ಈಗಲೇ ಕೇಳ್ತಿರೋದು. 'ನೈಟ್ ಟೆರರ್' ಹಾಕಿದೆ, ಹತ್ತು ನಿಮಿಷ. ತಾಳ ಹಾಕೋಕೆ ಹೋದರೆ ಕೈ ತಪ್ಪುತ್ತದೆ. ಇದನ್ನು ಎಣಿಸೋದು ಹೇಗೆ?

ತಕಧಿಮಿ · ಫೆಬ್ರವರಿ 5

ತಮ್ಮಾ, ನಾನು ಮೃದಂಗ ಕಲಿತವನು, ಚಿತ್ರದುರ್ಗ. ನಿನಗೆ ಒಂದು ಉಪಾಯ ಹೇಳ್ತೀನಿ.

ಬಾಯಲ್ಲಿ ಹೇಳು: ತಕಿಟ ತಕಧಿಮಿ. ಮೂರು, ನಾಲ್ಕು. ಏಳಾಯಿತು. ಅದನ್ನೇ ಬಿಡದೆ ಸುತ್ತಿಸು. ಐದು ಬೇಕಾದರೆ ತಕ ತಕಿಟ. ಒಂಬತ್ತಕ್ಕೆ ತಕಧಿಮಿ ತಕ ತಕಿಟ. ಪಾಶ್ಚಾತ್ಯರು ಒನ್ ಟೂ ತ್ರೀ ಅಂತ ಎಣಿಸುವಾಗ ಏಳರ ಹತ್ತಿರ ನಾಲಿಗೆ ತೊಡರುತ್ತದೆ. ನಮಗೆ ಆ ಕಷ್ಟ ಇಲ್ಲ. ಗಿಟಾರ್ ಎಲ್ಲಿ ಒತ್ತು ಕೊಡುತ್ತದೆ ಅಂತ ಕೇಳಿಸಿಕೊ, ಅಲ್ಲಿ 'ತ' ಕೂರಿಸು. ಅರ್ಧ ಗಂಟೆಯಲ್ಲಿ ಬಂದುಬಿಡುತ್ತದೆ.

ಏಳು ತಂತಿ · ಫೆಬ್ರವರಿ 5

ಅಂದ್ರೆ ಪ್ರೋಗ್ ಮೆಟಲ್ ಅಂದ್ರೆ ನಮ್ಮ ಏಳು ಎಣಿಕೆಯ ಮಿಶ್ರ ಛಾಪು, ಐದು ಎಣಿಕೆಯ ಖಂಡ ಛಾಪು ತಾಳಗಳೇ ಅಂತ ಆಯ್ತು. ನಾನು ಯಾವಾಗ್ಲೂ ಹೇಳ್ತಾ ಇರ್ತೀನಿ, ಎಲ್ಲಾ ನಮ್ಮಲ್ಲೇ ಇತ್ತು.

ತಕಧಿಮಿ · ಫೆಬ್ರವರಿ 5

ಇಲ್ಲ ಇಲ್ಲ, ಅಲ್ಲೇ ತಪ್ಪು. ಏಳು ಎಣಿಕೆ ಇದ್ದ ತಕ್ಷಣ ಮಿಶ್ರ ಛಾಪು ಆಗಲ್ಲ. ಛಾಪುಗೆ ಅದರದೇ ನಡೆ ಇದೆ, ತೂಗುವಿಕೆ ಇದೆ. ಬರೀ ಸಂಖ್ಯೆ ಅಲ್ಲ ಅದು.

ಇನ್ನೂ ದೊಡ್ಡ ವ್ಯತ್ಯಾಸ ಬೇರೆ ಇದೆ. ನಮ್ಮಲ್ಲಿ ತಾಳ ಅಲ್ಲಾಡಲ್ಲ. ಕಚೇರಿಯಲ್ಲಿ ಒಂದು ಕೃತಿ ಶುರುವಾದಾಗ ಆದಿ ತಾಳ ಅಂದರೆ ಅದು ಮುಗಿಯುವವರೆಗೂ ಆದಿ ತಾಳವೇ. ಅದರೊಳಗೆ ನಾವು ಐದರ ಲೆಕ್ಕ, ಏಳರ ಲೆಕ್ಕ ಏನೇನೋ ಹಾಕಿ, ಮುಕ್ತಾಯ ಕಟ್ಟಿ, ಸಮಕ್ಕೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬಂದು ಬೀಳ್ತೀವಿ. ಇವರಲ್ಲಿ ಚೌಕಟ್ಟೇ ಬದಲಾಗುತ್ತಾ ಹೋಗುತ್ತದೆ. 1999ರ ಆಲ್ಬಂನಲ್ಲಿ 'ದಿ ಡಾನ್ಸ್ ಆಫ್ ಇಟರ್ನಿಟಿ' ಅಂತ ಒಂದಿದೆ. ಆರು ನಿಮಿಷ ಚಿಲ್ಲರೆ. ಅದರಲ್ಲಿ ತಾಳ ನೂರಕ್ಕೂ ಹೆಚ್ಚು ಸಲ ಬದಲಾಗುತ್ತದೆ. ನಮ್ಮ ಗುರುಗಳಿಗೆ ಒಮ್ಮೆ ಕೇಳಿಸಿದ್ದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. "ಕೈ ತುಂಬಾ ಚೆನ್ನಾಗಿದೆ, ಆದರೆ ಸಮ ಎಲ್ಲಪ್ಪಾ?" ಅಂದರು. ಎರಡೂ ದೊಡ್ಡ ವಿದ್ಯೆ. ಒಂದನ್ನು ಇನ್ನೊಂದರ ಹೊಟ್ಟೆಯಲ್ಲಿ ಹಾಕಬೇಡಿ.

ಪಿಬಿ ರಸ್ತೆ ಡ್ರಮ್ಮರ್ · ಫೆಬ್ರವರಿ 5

ಸಾರ್, ಸ್ವಲ್ಪ ಎದುರು ಮಾತಾಡ್ತೀನಿ, ಕ್ಷಮಿಸಿ. ಪೋರ್ಟ್‌ನಾಯ್ ಎಷ್ಟೋ ಕಡೆ ನೀವು ಹೇಳಿದ್ದನ್ನೇ ಮಾಡ್ತಾರೆ. ಗಿಟಾರ್ ಮತ್ತು ಕೀಬೋರ್ಡ್ ಏಳರಲ್ಲಿ ಸುತ್ತುತ್ತಾ ಇರುತ್ತವೆ. ಇವರು ಸ್ನೇರ್ ಡ್ರಮ್ಮನ್ನು ನೇರ ನಾಲ್ಕರಲ್ಲೇ ಇಟ್ಟಿರ್ತಾರೆ. ಏಳು ನಾಲ್ಕಲಿ 28. ಅಲ್ಲಿಗೆ ಬಂದಾಗ ಎರಡೂ ಒಟ್ಟಿಗೆ ಬೀಳುತ್ತವೆ. ಆ ಬೀಳುವ ಜಾಗದಲ್ಲಿ ಸಿಗುವ ಸುಖ ಇದೆಯಲ್ಲ, ಅದೇ ಸಮ ಅಲ್ವಾ? ಲೆಕ್ಕ ಗೊತ್ತಿಲ್ಲದವನೂ ತಲೆ ಆಡಿಸಬಹುದು. ನನಗೆ ಮ್ಯಾಂಜಿನಿಗೂ ಇವರಿಗೂ ಕಾಣುವ ವ್ಯತ್ಯಾಸ ಇಲ್ಲೇ ಇರೋದು. ಅವರು ಗಿಟಾರಿನ ಪ್ರತಿ ಒತ್ತನ್ನೂ ಹಿಂಬಾಲಿಸ್ತಾರೆ. ಇವರು ಕೆಳಗೆ ನೆಲ ಹಾಸ್ತಾರೆ.

ತಕಧಿಮಿ · ಫೆಬ್ರವರಿ 5

ಇದು ಒಳ್ಳೇ ಮಾತು. ಒಪ್ಪಿದೆ. ಆ ಜಾಗಗಳನ್ನು ಗುರುತು ಮಾಡಿ ಕಳಿಸು, ಗುರುಗಳಿಗೆ ಮತ್ತೆ ಕೇಳಿಸ್ತೀನಿ.

ಕುಂದವಾಡ ಕೆರೆ · ಫೆಬ್ರವರಿ 5

ಬೆಂಗಳೂರಿನ 'ಅಗಮ್' ಬ್ಯಾಂಡ್ ಕೇಳಿದ್ದೀರಾ ಯಾರಾದರೂ? ಕರ್ನಾಟಕ ಸಂಗೀತ ಮತ್ತು ಪ್ರೋಗ್ ರಾಕ್ ಸೇರಿಸಿ ಮಾಡ್ತಾರೆ. ಈ ಮಾತೆಲ್ಲ ಅಲ್ಲಿ ಕಿವಿಗೆ ಸಿಗುತ್ತದೆ.

ಏಳು ತಂತಿ · ಫೆಬ್ರವರಿ 6

ಬರೀ ಡ್ರಮ್ಸ್ ಡ್ರಮ್ಸ್ ಅಂತಿದ್ದೀರಲ್ಲ, ಗಾಯಕ ಜೇಮ್ಸ್ ಲಾಬ್ರಿ ಬಗ್ಗೆ ಯಾರೂ ಮಾತಾಡ್ತಿಲ್ಲ. ನನ್ನ ಭಯ ಇರೋದೇ ಅಲ್ಲಿ. ಈಗಿನ ನೇರ ಕಾರ್ಯಕ್ರಮಗಳಲ್ಲಿ ಮೇಲಿನ ಸ್ವರ ಹಿಡಿಯೋಕೆ ಕಷ್ಟಪಡ್ತಾರೆ.

ಕ್ಯಾಸೆಟ್ ಕಾಲದವನು · ಫೆಬ್ರವರಿ 6

ಆ ಮನುಷ್ಯನಿಗೆ 61 ವರ್ಷ ತಮ್ಮಾ. ಅದೂ ಅಲ್ಲದೆ 1994ರ ಕೊನೆಗೆ ಕ್ಯೂಬಾದಲ್ಲಿ ವಿಷಾಹಾರ ತಿಂದು, ವಾಂತಿ ಜೋರಾಗಿ, ಗಂಟಲ ತಂತುಗಳಿಗೇ ಪೆಟ್ಟಾಯಿತು. ವೈದ್ಯರು ಸುಮ್ಮನಿರಿ ಅಂದರೂ ಪ್ರವಾಸ ಮುಂದುವರಿಸಿ ಹಾಡಿದರು. ಆ ಸ್ವರ ಮರಳಿ ಸರಿಹೋಗೋಕೆ ವರ್ಷಗಟ್ಟಲೆ ಹಿಡಿಯಿತು. ಅಂಥಾ ಗಂಟಲಲ್ಲಿ ಇಷ್ಟು ವರ್ಷ ಹಾಡಿದ್ದಾರೆ. ನನಗೆ ಅವರ ಮೇಲೆ ಗೌರವ ಜಾಸ್ತಿ ಆಗುತ್ತದೆಯೇ ಹೊರತು ಕಡಿಮೆ ಆಗಲ್ಲ.

ಮಂಡಕ್ಕಿ ಭಟ್ಟಿ · ಫೆಬ್ರವರಿ 6, ರಾತ್ರಿ 11:48

ಇನ್ನು 12 ನಿಮಿಷ. ಮಿರ್ಚಿ ಮಂಡಕ್ಕಿ ಕಟ್ಟಿಸಿಕೊಂಡು ಬಂದು ಮಾಳಿಗೆ ಮೇಲೆ ಕೂತಿದ್ದೇನೆ. ಫೋನ್ ಚಾರ್ಜ್ 90.

ಹೊಸಬ · ಫೆಬ್ರವರಿ 6, ರಾತ್ರಿ 11:55

ನಾನೂ ಎದ್ದಿದ್ದೀನಿ ಅಣ್ಣ. ಅಮ್ಮನಿಗೆ ಓದ್ತಾ ಇದ್ದೀನಿ ಅಂದಿದ್ದೀನಿ.

ಜೋಗಿಮಟ್ಟಿ · ಫೆಬ್ರವರಿ 6, ರಾತ್ರಿ 11:57

ಪರೀಕ್ಷೆ ಮುಂದಿನ ತಿಂಗಳು ಇದೆಯಲ್ಲಪ್ಪಾ. ಮಲಗು. ಹಾಡು ಎಲ್ಲಿಗೂ ಓಡಿಹೋಗಲ್ಲ.

ಪಿಬಿ ರಸ್ತೆ ಡ್ರಮ್ಮರ್ · ಫೆಬ್ರವರಿ 7, ಬೆಳಗಿನ ಜಾವ 1:32

ಕೇಳಿದೆ. 71 ನಿಮಿಷ, ಎಂಟು ಹಾಡು. ದೀಪ ಆರಿಸಿ, ಗೋದಾಮಿನಲ್ಲಿ ಅಂಡಿಗೆಗೆ ಒರಗಿಕೊಂಡು ಕೇಳಿದೆ.

ಮೊದಲನೇದು ಹಾಡಲ್ಲ, ಬರೀ ವಾದ್ಯ. 'ಇನ್ ದಿ ಆರ್ಮ್ಸ್ ಆಫ್ ಮಾರ್ಫಿಯಸ್'. ಮಾರ್ಫಿಯಸ್ ಅಂದರೆ ಗ್ರೀಕರ ಕನಸಿನ ದೇವರು. ಯಾರೋ ಮಲಗೋಕೆ ಹೋಗುವ ಸಣ್ಣ ಸಣ್ಣ ಸದ್ದುಗಳಿಂದ ಶುರುವಾಗುತ್ತದೆ. ಆಮೇಲೆ ಗಿಟಾರ್ ಬೀಳುತ್ತದೆ ನೋಡಿ, ಗೋಡೆ ಬಿದ್ದ ಹಾಗೆ. ಇಲ್ಲಿ ಬರುವ ರಾಗದ ತುಣುಕುಗಳು ಮುಂದೆ ಬೇರೆ ಹಾಡುಗಳಲ್ಲಿ ವೇಷ ಬದಲಿಸಿಕೊಂಡು ಬರುತ್ತವೆ. ಮೂರು ಹಾಡು ಬಿಡಿ ಬಿಡಿಯಾಗಿ ಕೇಳಿದ್ದಾಗ ಇದು ನನಗೆ ಗೊತ್ತಾಗಿರಲಿಲ್ಲ. ಇವತ್ತು ಒಟ್ಟಿಗೆ ಕೇಳಿದಾಗ 'ನೈಟ್ ಟೆರರ್' ಬೇರೆಯೇ ಹಾಡಾಯಿತು.

'ಬೆಂಡ್ ದಿ ಕ್ಲಾಕ್' ಕೊನೆಯ ಗಿಟಾರ್ ಸೋಲೋ ಬಂದಾಗ ಕಣ್ಣಲ್ಲಿ ನೀರು ಬಂತು. ಪೆಟ್ರೂಚಿ ಅಲ್ಲಿ ಓಡಲ್ಲ. ಒಂದೊಂದು ಸ್ವರವನ್ನೂ ಎಳೆದು ನಿಲ್ಲಿಸ್ತಾರೆ.

ನಾಲ್ಕನೇ ತಾರೀಖು ಕೇಳಿದ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ. ನಾಳೆ ಮತ್ತೆ ಕೇಳ್ತೀನಿ.

ಏಳು ತಂತಿ · ಫೆಬ್ರವರಿ 7

ಗಿಟಾರ್ ಸದ್ದು ಈ ಸಲ ಅದ್ಭುತ. ಭಾರ ಇದೆ, ಆದರೆ ಕೆಸರಾಗಿಲ್ಲ. ಮಿಯಂಗ್ ಅವರ ಆರು ತಂತಿಯ ಬೇಸ್ ಕೂಡ ಕೊನೆಗೂ ಕಿವಿಗೆ ಬೀಳುತ್ತಿದೆ! ಸ್ನೇರ್ ಕೂಡ ಹಿಂದಿನ ಆಲ್ಬಂಗಿಂತ ಎಷ್ಟೋ ಚೆನ್ನಾಗಿದೆ. ಮಿಕ್ಸಿಂಗ್ ಮಾಡಿದವರು ಬದಲಾಗಿರಬೇಕು.

ಜೋಗಿಮಟ್ಟಿ · ಫೆಬ್ರವರಿ 7

ಬದಲಾಗಿಲ್ಲ. 2021ರದ್ದನ್ನೂ ಆಂಡಿ ಸ್ನೀಪ್ ಮಿಕ್ಸ್ ಮಾಡಿದ್ದು, ಇದನ್ನೂ ಅವರೇ. ಎರಡಕ್ಕೂ ನಿರ್ಮಾಪಕರು ಪೆಟ್ರೂಚಿ. ಬದಲಾದದ್ದು ಡ್ರಮ್ಸ್ ಸ್ಟೂಲಿನ ಮೇಲೆ ಕೂತವರು ಮಾತ್ರ. ಅಷ್ಟು ವ್ಯತ್ಯಾಸ ಒಬ್ಬ ಮನುಷ್ಯನ ಕೈಯಿಂದ ಬರುತ್ತದೆ ಅನ್ನೋದು ನನಗೂ ಇವತ್ತೇ ಹೀಗೆ ತಟ್ಟಿದ್ದು. ಮ್ಯಾಂಜಿನಿ ಕಡೆ ಮಾತಾಡಿದವನು ನಾನೇ. ಆದರೂ ಇದನ್ನು ಮುಚ್ಚಿಡೋಕೆ ಆಗಲ್ಲ.

ಭರಮಸಾಗರ ಬಸ್ಸು · ಫೆಬ್ರವರಿ 7

ನಾನು ದಿನಾ ಚಿತ್ರದುರ್ಗದಿಂದ ದಾವಣಗೆರೆಗೆ ಬಸ್ಸಲ್ಲಿ ಕೆಲಸಕ್ಕೆ ಹೋಗೋನು. ಇವತ್ತು ಬೆಳಿಗ್ಗೆ ಬಸ್ ಹೊರಟ ತಕ್ಷಣ ಹಾಕಿದೆ. ಭರಮಸಾಗರ ಬಂದಾಗ 'ಡೆಡ್ ಅಸ್ಲೀಪ್' ನಡೀತಾ ಇತ್ತು. ಆನಗೋಡು ಹತ್ತಿರ ಕೊನೆಯ ಹಾಡು ಶುರುವಾಯಿತು, 'ದಿ ಶ್ಯಾಡೋ ಮ್ಯಾನ್ ಇನ್ಸಿಡೆಂಟ್', 19 ನಿಮಿಷ 32 ಸೆಕೆಂಡು. ದಾವಣಗೆರೆ ನಿಲ್ದಾಣದಲ್ಲಿ ಇಳಿದಾಗ ಇನ್ನೂ ಮೂರು ನಿಮಿಷ ಉಳಿದಿತ್ತು. ಕಂಬಕ್ಕೆ ಒರಗಿ ನಿಂತು ಮುಗಿಸಿಯೇ ಆಫೀಸಿಗೆ ಹೋದೆ.

ಇಷ್ಟು ವರ್ಷ ಆ ರಸ್ತೆಯಲ್ಲಿ ಓಡಾಡಿದ್ದೇನೆ. ದುರ್ಗದ ಗುಡ್ಡದ ಮೇಲಿನ ವಿಂಡ್‌ಮಿಲ್‌ಗಳನ್ನು ಇವತ್ತು ನೋಡಿದ ಹಾಗೆ ಯಾವತ್ತೂ ನೋಡಿರಲಿಲ್ಲ. ಮೂರು ರೆಕ್ಕೆ ನಿಧಾನಕ್ಕೆ ತಿರುಗುತ್ತಿದ್ದವು, ಕಿವಿಯಲ್ಲಿ ಡ್ರಮ್ಸ್ ನಾಲ್ಕು ಹೊಡೆಯುತ್ತಿತ್ತು. ಎಲ್ಲೋ ಒಂದು ಕಡೆ ಕೂಡ್ತಾ ಇದ್ದವು, ಮತ್ತೆ ಬಿಡ್ತಾ ಇದ್ದವು.

ನೈಟ್ ಡ್ಯೂಟಿ ಅಕ್ಕ · ಫೆಬ್ರವರಿ 8

ನಾನು ನರ್ಸ್. ನನ್ನ ತಮ್ಮ ಈ ಚರ್ಚೆ ಕಳಿಸಿದ, "ಅಕ್ಕಾ, ನಿನ್ನ ವಿಷಯದ ಆಲ್ಬಂ ಬಂದಿದೆ ನೋಡು" ಅಂತ. ಸಂಗೀತ ನನಗೆ ಸ್ವಲ್ಪ ಜೋರಾಯಿತು. ಆದರೆ ವಿಷಯ ಹಿಡಿಸಿತು.

ಪ್ಯಾರಾಸೋಮ್ನಿಯಾ ಅಂದರೆ ಒಂದೇ ಕಾಯಿಲೆ ಅಲ್ಲ. ನಿದ್ದೆಯಲ್ಲಿ ನಡೆಯೋದು, ಮಾತಾಡೋದು, ಕಿರುಚಿ ಏಳೋದು, ಇವಕ್ಕೆಲ್ಲ ಸೇರಿಸಿ ಇಟ್ಟ ಹೆಸರು. ನೈಟ್ ಟೆರರ್ ಅಂದರೆ ಕೆಟ್ಟ ಕನಸು ಅಂತ ತುಂಬಾ ಜನ ತಪ್ಪಾಗಿ ತಿಳಿದಿರ್ತಾರೆ. ಕೆಟ್ಟ ಕನಸು ಸಾಮಾನ್ಯವಾಗಿ ಬೆಳಗಿನ ಜಾವ ಬೀಳುತ್ತದೆ, ನೆನಪಿರುತ್ತದೆ. ನೈಟ್ ಟೆರರ್ ಮಲಗಿದ ಒಂದೆರಡು ಗಂಟೆಯಲ್ಲಿ, ಗಾಢ ನಿದ್ದೆಯಲ್ಲಿ ಬರುತ್ತದೆ. ಮಕ್ಕಳಲ್ಲಿ ಜಾಸ್ತಿ. ಎದ್ದು ಕೂತು ಚೀರುತ್ತವೆ, ಕಣ್ಣು ತೆರೆದಿರುತ್ತವೆ, ಯಾರನ್ನೂ ಗುರುತು ಹಿಡಿಯಲ್ಲ. ಬೆಳಿಗ್ಗೆ ಕೇಳಿದರೆ ಏನೂ ಗೊತ್ತಿರಲ್ಲ. ಹೆದರೋದು ನೋಡಿದವರು.

ಕೊನೆಯ ಹಾಡಿನ ಆ ಶ್ಯಾಡೋ ಮ್ಯಾನ್, ನೆರಳು ಮನುಷ್ಯ, ಇದ್ದಾನಲ್ಲ, ಅವನು ನನಗೂ ಬಂದಿದ್ದ. ಸತತ ಆರು ರಾತ್ರಿ ಪಾಳಿ ಮಾಡಿ ಹಗಲು ಮಲಗಿದ್ದೆ. ಎಚ್ಚರ ಆಯಿತು, ಫ್ಯಾನ್ ಸದ್ದು ಕೇಳಿಸುತ್ತಿದೆ, ಕೈ ಎತ್ತೋಕೆ ಆಗುತ್ತಿಲ್ಲ. ಬಾಗಿಲ ಹತ್ತಿರ ಯಾರೋ ನಿಂತಿದ್ದಾರೆ. ಎದೆ ಮೇಲೆ ಭಾರ. ಒಂದು ನಿಮಿಷವೂ ಇರಲಿಲ್ಲವೇನೋ, ನನಗೆ ಒಂದು ಗಂಟೆ ಆದ ಹಾಗಿತ್ತು. ಓದಿದ್ದು ಗೊತ್ತಿತ್ತು ನನಗೆ. ಕನಸು ಕಾಣುವ ಹೊತ್ತಲ್ಲಿ ಮೈಯ ಸ್ನಾಯುಗಳು ಸಡಿಲಾಗಿಬಿಡುತ್ತವೆ, ಕನಸಲ್ಲಿ ಓಡಿದರೆ ಹಾಸಿಗೆಯಿಂದ ಎದ್ದು ಓಡಬಾರದಲ್ಲ, ಅದಕ್ಕೆ. ಕೆಲವೊಮ್ಮೆ ಮಿದುಳು ಮೊದಲು ಏಳುತ್ತದೆ, ಮೈ ಆಮೇಲೆ. ನಿದ್ದೆಗೆಟ್ಟವರಿಗೆ, ಪಾಳಿ ಬದಲಾಗುವವರಿಗೆ ಜಾಸ್ತಿ. ಗೊತ್ತಿದ್ದರೂ ಅವತ್ತು ನಡುಗಿಹೋದೆ.

ಕುಂದವಾಡ ಕೆರೆ · ಫೆಬ್ರವರಿ 8

ನಮ್ಮ ಅಜ್ಜಿ ಇದಕ್ಕೆ ದಿಂಬಿನ ಕೆಳಗೆ ಕುಡುಗೋಲು ಇಡುತ್ತಿದ್ದಳು. ಕಬ್ಬಿಣ ಇದ್ದರೆ ಗಾಳಿ ಹತ್ತಿರ ಬರಲ್ಲ ಅಂತ.

ಮಂಡಕ್ಕಿ ಭಟ್ಟಿ · ಫೆಬ್ರವರಿ 8

ನಮ್ಮ ಮನೇಲಿ ಪೊರಕೆ. ಮಲಗುವ ಮುಂಚೆ ಕಾಲು ತೊಳಕೊಂಡು ಬಾ ಅಂತಲೂ ಹೇಳ್ತಿದ್ದರು. ಅಕ್ಕಾ, ನೀವು ಬರೆದದ್ದು ಓದಿ ಮತ್ತೆ ಕೇಳಿದೆ. ಮೊದಲ ಸಲ ಬರೀ ಗಿಟಾರ್ ಕೇಳಿದ್ದೆ. ಈ ಸಲ ಬಾಗಿಲ ಹತ್ತಿರ ನಿಂತವನನ್ನು ನೋಡಿದೆ.

ಏಳು ತಂತಿ · ಫೆಬ್ರವರಿ 8

'ಡೆಡ್ ಅಸ್ಲೀಪ್' ಅದಕ್ಕಿಂತ ಭಯಂಕರ. ನಿದ್ದೆಯಲ್ಲೇ, ಕಳ್ಳರ ಜೊತೆ ಹೊಡೆದಾಡುತ್ತಿದ್ದೇನೆ ಅಂದುಕೊಂಡು, ಹೆಂಡತಿಯನ್ನೇ ಕೊಂದವನ ಕತೆ. ಎದ್ದಾಗ ಅವನಿಗೆ ಏನಾಗಿರಬೇಕು ಯೋಚನೆ ಮಾಡಿ. 11 ನಿಮಿಷ, ಒಂದು ಸೆಕೆಂಡೂ ಜಾಸ್ತಿ ಅನ್ನಿಸಲಿಲ್ಲ. ಆಲ್ಬಂನಲ್ಲಿ ನನಗೆ ಇದೇ ಮೊದಲು.

ಜೋಗಿಮಟ್ಟಿ · ಫೆಬ್ರವರಿ 8

ನನಗೆ 'ಎ ಬ್ರೋಕನ್ ಮ್ಯಾನ್'. ಯುದ್ಧದಿಂದ ಬಂದ ಸೈನಿಕನಿಗೆ ನಿದ್ದೆ ಬರದಿರುವುದು. ನಮ್ಮ ಮಾವ ಸೈನ್ಯದಲ್ಲಿದ್ದರು, ರಾತ್ರಿ ಜಗುಲಿ ಮೇಲೆ ಕೂತೇ ಇರುತ್ತಿದ್ದರು. ಯಾಕೆ ಅಂತ ನಾವು ಕೇಳಲೂ ಇಲ್ಲ, ಅವರು ಹೇಳಲೂ ಇಲ್ಲ.

ಒಪ್ಪದ ಮಾತೂ ಹೇಳ್ತೀನಿ. 'ಮಿಡ್‌ನೈಟ್ ಮೆಸ್ಸಾಯ' ನನಗೆ ಹಿಡಿಸಲಿಲ್ಲ. ಪೋರ್ಟ್‌ನಾಯ್ ಸಾಹಿತ್ಯ. ಹಳೇ ಹಾಡುಗಳ ಸುಳಿವು ಅಲ್ಲಲ್ಲಿ ಸಿಕ್ಕಿಸಿದ್ದಾರೆ. ಹಳಬರಿಗೆ ಖುಷಿ. ಹೊಸದಾಗಿ ಬಂದವರಿಗೆ ಅಲ್ಲಿ ಏನಿದೆ?

ಹೊಸಬ · ಫೆಬ್ರವರಿ 8

ಅಣ್ಣ, ನಾನು ಹೊಸದಾಗಿ ಬಂದವನು, ನನಗೆ ಅದೇ ಜಾಸ್ತಿ ಇಷ್ಟ ಆಯ್ತು. ಸುಳಿವು ಇದೆ ಅಂತ ಗೊತ್ತೇ ಇರಲಿಲ್ಲ. ಹಾಡಿಕೊಂಡು ಸೈಕಲ್ ಹೊಡೆಯೋಕೆ ಚೆನ್ನಾಗಿದೆ.

ಜೋಗಿಮಟ್ಟಿ · ಫೆಬ್ರವರಿ 8

ಹಾಗಾದರೆ ನನ್ನ ಮಾತು ವಾಪಸ್ ತಗೊಂಡೆ, ಅರ್ಧ.

ಮಂಡಕ್ಕಿ ಭಟ್ಟಿ · ಫೆಬ್ರವರಿ 9

ಸಾಹಿತ್ಯದ ಮಾತು ಬಂದಿದ್ದಕ್ಕೆ ಹೇಳ್ತೀನಿ. ಪೋರ್ಟ್‌ನಾಯ್ ಕುಡಿತ ಬಿಟ್ಟ ಕತೆಯನ್ನು ಐದು ಆಲ್ಬಂಗಳಲ್ಲಿ ಐದು ಹಾಡಾಗಿ ಹರಡಿ ಬರೆದಿದ್ದಾರೆ, 2002ರಿಂದ 2009ರವರೆಗೆ. ಕುಡಿತ ಬಿಡುವವರ ಸಂಘದ ಹನ್ನೆರಡು ಮೆಟ್ಟಿಲುಗಳನ್ನು ಒಂದೊಂದಾಗಿ. ನಮ್ಮ ಅಪ್ಪ ಕುಡಿತ ಬಿಟ್ಟ ವರ್ಷ ನಾನು ಆ ಐದನ್ನೂ ಸಾಲಾಗಿ ಹಾಕಿಕೊಂಡು ಕೇಳುತ್ತಿದ್ದೆ. ಅಪ್ಪನಿಗೆ ಇಂಗ್ಲಿಷ್ ಬರಲ್ಲ. ಒಂದು ದಿನ ಪಕ್ಕದಲ್ಲಿ ಕೂತು "ಇವನು ಯಾಕೆ ಇಷ್ಟು ಸಿಟ್ಟಲ್ಲಿದ್ದಾನೆ?" ಅಂದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಿಟ್ಟನಾ?" ಅಂದರು. ಬಿಟ್ಟರು ಅಂದೆ. ತಲೆ ಆಡಿಸಿ ಎದ್ದು ಹೋದರು. ಮಂಡಕ್ಕಿ ಭಟ್ಟಿಗೆ ಹೊತ್ತಾಗಿತ್ತು.

ಕ್ಯಾಸೆಟ್ ಕಾಲದವನು · ಫೆಬ್ರವರಿ 9

ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ಹೇಳಿ.

ಭರಮಸಾಗರ ಬಸ್ಸು · ಫೆಬ್ರವರಿ 9

ನನ್ನದೂ.

ಕುಂದವಾಡ ಕೆರೆ · ಫೆಬ್ರವರಿ 10

ಇಷ್ಟೊಂದು ಜನ ಇದ್ದೀವಿ ನಮ್ಮ ಎರಡು ಊರಲ್ಲಿ! 2011ರ ಅಕ್ಟೋಬರ್ 30ಕ್ಕೆ ಮೆಟಾಲಿಕಾ ಬೆಂಗಳೂರಿಗೆ ಬಂದಾಗ ರಾತ್ರಿ ರೈಲಿನಲ್ಲಿ ಒಬ್ಬನೇ ಹೋಗಿದ್ದೆ. ಅರಮನೆ ಮೈದಾನದ ಆ ಜನಸಾಗರದಲ್ಲೂ ನಮ್ಮೂರಿನವರು ಯಾರೂ ಸಿಗಲಿಲ್ಲ ಅಂತ ಬೇಜಾರಾಗಿತ್ತು. ನಿಮ್ಮಲ್ಲಿ ಎಷ್ಟು ಜನ ಅಲ್ಲೇ ಪಕ್ಕದಲ್ಲೇ ಇದ್ದಿರೋ ಏನೋ.

ಏಳು ತಂತಿ · ಫೆಬ್ರವರಿ 10

ನಾನಿದ್ದೆ!! ವಾಪಸ್ ಬಂದ ಮೇಲೆ ಕಾಲೇಜಲ್ಲಿ ಬ್ಯಾಂಡ್ ಕಟ್ಟಿದ್ದೆವು. ವಾರ್ಷಿಕೋತ್ಸವದಲ್ಲಿ ಎರಡನೇ ಹಾಡಿಗೇ ವೇದಿಕೆಯ ಕರೆಂಟ್ ತೆಗೆದರು. ಮೂರು ತಿಂಗಳ ಅಭ್ಯಾಸ. ಅವತ್ತಿನಿಂದ ಜನರ ಮುಂದೆ ನುಡಿಸಿಲ್ಲ ನಾನು.

ಪಿಬಿ ರಸ್ತೆ ಡ್ರಮ್ಮರ್ · ಫೆಬ್ರವರಿ 11

ಏಳು ಸಲ ಕೇಳಿದ ಮೇಲೆ ಬರೆಯುತ್ತಿದ್ದೇನೆ.

ಕಿವಿ ಈಗ ಸ್ವಲ್ಪ ತಣ್ಣಗಾಗಿದೆ. ಕೊರತೆಗಳು ಕಾಣುತ್ತಿವೆ. 'ಶ್ಯಾಡೋ ಮ್ಯಾನ್' ನಡುಭಾಗದ ವಾದ್ಯಗಾರಿಕೆ ಎರಡು ನಿಮಿಷ ಕಡಿಮೆ ಇದ್ದರೆ ಇನ್ನೂ ಬಿಗಿಯಾಗಿರುತ್ತಿತ್ತು. 2005ರ 'ಆಕ್ಟವೇರಿಯಂ' ಹಾಡು 24 ನಿಮಿಷ, ಅದರಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಿದ್ದೇ ಗೊತ್ತಾಗಲ್ಲ. ಇಲ್ಲಿ ಕೆಲವು ಕಡೆ ಹೊಲಿಗೆ ಕಾಣುತ್ತದೆ. ಪೋರ್ಟ್‌ನಾಯ್ ಕೂಡ ಹೊಸದೇನೂ ನುಡಿಸಿಲ್ಲ, ಅವರ ಹಳೇ ಬೆರಳಚ್ಚುಗಳೇ ಎಲ್ಲ ಕಡೆ.

ಆದರೆ ನನ್ನ ಪ್ರಶ್ನೆ ನಾನು ತಪ್ಪಾಗಿ ಕೇಳಿದ್ದೆ. ಹಾಡು ಬೇರೆ, ವಾಪಸ್ ಬಂದವರು ಬೇರೆ ಅಂದುಕೊಂಡಿದ್ದೆ. 'ಬೆಂಡ್ ದಿ ಕ್ಲಾಕ್'ನಲ್ಲಿ ಆ ಸೋಲೋ ಕೆಳಗೆ ಡ್ರಮ್ಸ್ ಕೇಳಿ. ಏನೂ ಮಾಡಲ್ಲ ಅವರು. ಗೆಳೆಯ ನುಡಿಸ್ತಾ ಇದ್ದಾನೆ, ಇವರು ಅವನ ಹಿಂದೆ ನಡೀತಾ ಇದ್ದಾರೆ. ಹದಿನೆಂಟನೇ ವಯಸ್ಸಿನಿಂದ ಗೊತ್ತಿರುವ ಗೆಳೆಯನ ಹಿಂದೆ ಮಾತ್ರ ಹಾಗೆ ನಡೆಯೋಕೆ ಆಗುತ್ತದೆ. ಅದನ್ನು ಹಾಡಿನಿಂದ ಹೇಗೆ ಬೇರೆ ಮಾಡೋದು?

ಏಳು ತಂತಿ ಅಣ್ಣ, ಗೋದಾಮಿನಲ್ಲಿ ಸೆಟ್ ಇದೆ. ಕರೆಂಟ್ ತೆಗೆಯುವವರು ಯಾರೂ ಇಲ್ಲ. ಭಾನುವಾರ 16ನೇ ತಾರೀಖು ಸಂಜೆ 4ಕ್ಕೆ ಗಿಟಾರ್ ತಗೊಂಡು ಬನ್ನಿ. ಮೊದಲು ಎಲ್ಲರೂ ಸೇರಿ ಆಲ್ಬಂ ಕೇಳೋಣ, ಆಮೇಲೆ ನುಡಿಸೋಣ. ದುರ್ಗದವರೂ ಬನ್ನಿ.

ಏಳು ತಂತಿ · ಫೆಬ್ರವರಿ 11

ತಂತಿ ಹೊಸದು ಹಾಕಿಸಬೇಕು. ಬರ್ತೀನಿ.

ತಕಧಿಮಿ · ಫೆಬ್ರವರಿ 11

ಮೃದಂಗ ತರಬಹುದಾ? ಆ 28ರ ಲೆಕ್ಕ ಎದುರಿಗೇ ಕೂತು ನೋಡೋಣ.

ಪಿಬಿ ರಸ್ತೆ ಡ್ರಮ್ಮರ್ · ಫೆಬ್ರವರಿ 11

ಕೇಳಬೇಕಾ ಸಾರ್! ಖಂಡಿತ ತನ್ನಿ.

ಜೋಗಿಮಟ್ಟಿ · ಫೆಬ್ರವರಿ 12

ನಾನು ಮತ್ತು ಭರಮಸಾಗರ ಬಸ್ಸು ಒಟ್ಟಿಗೆ ಬರ್ತೀವಿ. ಬೆಣ್ಣೆ ದೋಸೆ ಮೊದಲಾ, ಆಲ್ಬಂ ಮೊದಲಾ?

ಮಂಡಕ್ಕಿ ಭಟ್ಟಿ · ಫೆಬ್ರವರಿ 12

ಆಲ್ಬಂ ಮೊದಲು. ತಿಂದು ಕೂತರೆ 'ಶ್ಯಾಡೋ ಮ್ಯಾನ್' ಬರೋಷ್ಟರಲ್ಲಿ ನಿದ್ದೆ ಬರುತ್ತದೆ. ಮಂಡಕ್ಕಿ ನಾನು ತರ್ತೀನಿ, ಬಿಸಿ ಬಿಸಿ ಭಟ್ಟಿಯದು.

ಹೊಸಬ · ಫೆಬ್ರವರಿ 12

ಅಣ್ಣ, ನಾನೂ ಬರಬಹುದಾ? ಪ್ರಾಕ್ಟಿಕಲ್ಸ್ ಮುಗಿಯುತ್ತದೆ. ಅಮ್ಮನಿಗೆ ನಿಜಾನೇ ಹೇಳಿ ಬರ್ತೀನಿ.

ಕ್ಯಾಸೆಟ್ ಕಾಲದವನು · ಫೆಬ್ರವರಿ 12

ಬಾ ತಮ್ಮಾ. ನಾನೂ ಇರ್ತೀನಿ. ಆ ಹಳೇ ಕ್ಯಾಸೆಟ್ ಇನ್ನೂ ಇದೆ, ತೋರಿಸ್ತೀನಿ. ಟೇಪ್ ರೆಕಾರ್ಡರ್ ಯಾರ ಹತ್ತಿರವಾದರೂ ಇದ್ದರೆ ತನ್ನಿ, ನನ್ನದರ ಬೆಲ್ಟ್ ಹೋಗಿದೆ.